ಆಣಿಗೆ ಬ್ಲೇಡ್ ಹಾಕುವ ಮುನ್ನ

ನಮ್ಮ ಮನೆಯಲ್ಲಿ ಅಪ್ಪನ ಶೇವಿಂಗ್ ಬ್ಲೇಡ್‌ಗೆ ಎರಡು ಕೆಲಸ. ಹೊಸದಿದ್ದಾಗ ಗಡ್ಡಕ್ಕೆ, ಮೊಂಡಾದ ಮೇಲೆ ಕಾಲಿನ ಆಣಿಗೆ. ಭಾನುವಾರ ಸ್ನಾನ ಮುಗಿಸಿ ಜಗಲಿ ಮೇಲೆ ಕೂತರೆ, ಕಿರುಬೆರಳ ಮೇಲಿನ ಗಂಟನ್ನು ಪದರ ಪದರವಾಗಿ ಹೆರೆಯುತ್ತಿದ್ದರು. "ಬೇರು ಸಿಗ್ತಿಲ್ಲ ಕಣೋ, ಅದಕ್ಕೇ ಮತ್ತೆ ಬರುತ್ತೆ" ಅನ್ನೋರು. ಆಣಿಗೆ ಬೇರೇ ಇಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಶೂ ಒಂದೇ ಜಾಗವನ್ನು ಒತ್ತುತ್ತಾ, ಉಜ್ಜುತ್ತಾ ಇದ್ದರೆ ಅಲ್ಲಿನ ಚರ್ಮ ದಪ್ಪವಾಗುತ್ತದೆ. ನಡುವೆ ಮೊಳೆಯಂತೆ ಗಟ್ಟಿಯಾಗಿ ಒಳಗೆ ಚುಚ್ಚುತ್ತದೆ. ಅಷ್ಟೇ ಆಣಿ.

ಮನೆಯಲ್ಲೇ ಕಾಲು ನೋಡಿಕೊಳ್ಳುವುದು ಕಷ್ಟವಲ್ಲ. ಆದರೆ ಶುರು ಮಾಡಬೇಕಾದ್ದು ಕಲ್ಲು, ಕ್ರೀಮಿನಿಂದ ಅಲ್ಲ. ಕಾಲಿಗೆ ಸ್ಪರ್ಶ ಗೊತ್ತಾಗುತ್ತಿದೆಯಾ ಅಂತ ಮೊದಲು ನೋಡಿ. ಶುಗರ್ ಇರುವವರಿಗಂತೂ ಇದು ಬೇಕೇ ಬೇಕು. ಕಣ್ಣು ಮುಚ್ಚಿ ಮಲಗಿಸಿ. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ. ಮುಟ್ಟಿದ್ದು ಯಾವ ಕಾಲು ಅಂತ ಅವರು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ನರಗಳು ಮಂಕಾಗಿರಬಹುದು. ಅಂಥವರ ಕಾಲನ್ನು ಮನೆಯಲ್ಲಿ ಕೆರೆಯುವುದು, ಬಿಸಿನೀರಲ್ಲಿ ನೆನೆಸುವುದು ಬೇಡ, ನೇರ ಡಾಕ್ಟರ ಹತ್ತಿರ ಹೋಗಿ. ನೋವು ಗೊತ್ತಾಗದ ಕಾಲಿನಲ್ಲಿ ಗಾಯ ಆದರೂ ತಿಳಿಯುವುದಿಲ್ಲ. ಬೇಸಿಗೆ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟುಕೊಂಡವರಿಗೆ, ಮನೆಗೆ ಬಂದು ಬೊಬ್ಬೆ ನೋಡಿದಾಗಲೇ ಗೊತ್ತಾಗುವುದುಂಟು. ಇವರು ಬೆಳಗಿನ ಹೊತ್ತು ಹೋಗುವುದು ಒಳ್ಳೆಯದು.

ಸ್ಪರ್ಶ ಸರಿಯಿದೆಯಾ? ಹಾಗಾದರೆ ಆ ಗಂಟು ನಿಜಕ್ಕೂ ಆಣಿಯೇನಾ ನೋಡಿ. ನೇರವಾಗಿ ಒತ್ತಿದರೆ ನೋವು ಜಾಸ್ತಿ ಅಂದರೆ ಬಹುಮಟ್ಟಿಗೆ ಆಣಿ. ಎರಡೂ ಬದಿಯಿಂದ ಚಿವುಟಿದಾಗ ಜಾಸ್ತಿ ನೋವು, ಜೊತೆಗೆ ಕಪ್ಪು ಚುಕ್ಕಿಗಳಿದ್ದರೆ ಅದು ನರುಳ್ಳೆ ಇರಬಹುದು. ನರುಳ್ಳೆ ವೈರಸ್‌ನಿಂದ ಬರುವುದು, ಕೆರೆದರೆ ಹರಡುತ್ತದೆ. ಅದನ್ನು ಚರ್ಮದ ಡಾಕ್ಟರಿಗೆ ಬಿಡಿ.

ಈಗ ಟಬ್ ತನ್ನಿ. ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ಸಾಕು. ಉಪ್ಪು, ನಿಂಬೆಹಣ್ಣು, ಶಾಂಪೂ ಎಲ್ಲಾ ಸುಮ್ನೆ. ಒಡೆದ ಹಿಮ್ಮಡಿಗೆ ನಿಂಬೆರಸ ತಾಗಿದರೆ ಉರಿ ಬೇರೆ. ಒದ್ದೆ ಇರುವಾಗಲೇ ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ. ಒಂದೇ ದಿನ ನುಣ್ಣಗೆ ಮಾಡುವ ಹಟ ಬೇಡ. ಇವತ್ತು ಸ್ವಲ್ಪ, ಎರಡು ದಿನ ಬಿಟ್ಟು ಇನ್ನು ಸ್ವಲ್ಪ. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಲ್ಲಿಗೆ ನಿಲ್ಲಿಸಿ.

ಆಣಿ ಮೇಲೆ ಅಂಟಿಸುವ, ಮೆಡಿಕಲ್ ಶಾಪಿನ ಕಾರ್ನ್ ಕ್ಯಾಪ್ ಪಟ್ಟಿ ಬಗ್ಗೆ ಒಂದು ಮಾತು. ಅದರಲ್ಲಿರುವುದು ಸ್ಯಾಲಿಸಿಲಿಕ್ ಆ್ಯಸಿಡ್. ಸತ್ತ ಚರ್ಮ ಯಾವುದು, ಪಕ್ಕದ ಒಳ್ಳೆ ಚರ್ಮ ಯಾವುದು ಅಂತ ಅದಕ್ಕೆ ಗೊತ್ತಿಲ್ಲ, ಎರಡನ್ನೂ ಸುಡುತ್ತದೆ. ಶುಗರ್ ಇರುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಅದನ್ನು ಮುಟ್ಟಲೇಬಾರದು.

ಹಿಮ್ಮಡಿ ಒಡೆಯುವುದಕ್ಕೂ ಕಾರಣವಿದೆ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳಿವೆ, ಎಣ್ಣೆಯ ಗ್ರಂಥಿಗಳಿಲ್ಲ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಹಾಕಿ ದಿನವಿಡೀ ನಿಂತರೆ ಮೈಭಾರಕ್ಕೆ ಹಿಮ್ಮಡಿ ಪಕ್ಕಕ್ಕೆ ಹರಡಿಕೊಳ್ಳುತ್ತದೆ. ಒಣಗಿದ ಚರ್ಮ ಹಿಗ್ಗಲಾರದೆ ಸೀಳುತ್ತದೆ. ಕಾಲು ಒರೆಸಿದ ಕೂಡಲೇ, ಇನ್ನೂ ತೇವ ಇರುವಾಗಲೇ, ಯೂರಿಯಾ ಇರುವ ಕ್ರೀಮ್ ಹಚ್ಚಿ. ಸಾಮಾನ್ಯ ಒಣಚರ್ಮಕ್ಕೆ 10 ಶೇಕಡಾ, ದಪ್ಪ ಹಿಮ್ಮಡಿಗೆ 20–25 ಶೇಕಡಾದ್ದು. ಸೀಳಿದ ಜಾಗಕ್ಕೆ ಯೂರಿಯಾ ಉರಿಯುತ್ತದೆ, ಅಲ್ಲಿಗೆ ವ್ಯಾಸಲೀನ್ ಸಾಕು. ಕೊಬ್ಬರಿ ಎಣ್ಣೆಯೂ ಪರವಾಗಿಲ್ಲ. ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಿ.

ಬೆರಳ ಸಂದಿಗೆ ಮಾತ್ರ ಕ್ರೀಮ್, ಎಣ್ಣೆ ಯಾವುದೂ ಬೇಡ. ಅಲ್ಲಿ ಒದ್ದೆ ನಿಂತರೆ ಕೆಸರು ಹುಣ್ಣು. ಗದ್ದೆಗೆ ಇಳಿಯುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದಿನವಿಡೀ ಶೂ ಹಾಕುವವರಿಗೂ ಬರುತ್ತದೆ, ಹೆಚ್ಚಾಗಿ ಕೊನೆಯ ಎರಡು ಬೆರಳುಗಳ ನಡುವೆ. ಅದು ಫಂಗಸ್ ಆಗಿದ್ದರೆ ಕ್ಲೋಟ್ರಿಮಜೋಲ್ ಕ್ರೀಮನ್ನು ತುರಿಕೆ ನಿಂತ ಮೇಲೂ ಒಂದೆರಡು ವಾರ ಮುಂದುವರಿಸಬೇಕು. ಸ್ಟೀರಾಯ್ಡ್ ಬೆರೆಸಿದ ಕ್ರೀಮ್ ಹಚ್ಚಿದರೆ ಎರಡೇ ದಿನಕ್ಕೆ ತುರಿಕೆ ಮಾಯ, ಫಂಗಸ್ ಮಾತ್ರ ಒಳಗೊಳಗೇ ಹರಡುತ್ತಿರುತ್ತದೆ. ಟ್ಯೂಬ್ ಮೇಲೆ ಬರೆದಿರುವುದನ್ನು ಓದಿ ತನ್ನಿ.

ಕಾಲಿನ ಉಗುರನ್ನು ಅಡ್ಡಕ್ಕೆ ನೇರವಾಗಿ ಕತ್ತರಿಸಿ. ಮೂಲೆ ಅಗೆಯಬೇಡಿ. ಅಗೆದ ಮೂಲೆಯೇ ಮುಂದೆ ಮಾಂಸದೊಳಗೆ ಬೆಳೆದು ಕೀವು ಮಾಡುವುದು.

ಇಷ್ಟಕ್ಕೂ ಆಣಿ ಬಗ್ಗದಿದ್ದರೆ? ಕಾಲಿನ ಚಿಕಿತ್ಸೆ ಕಲಿತ ಪೊಡಿಯಾಟ್ರಿಸ್ಟ್‌ಗಳು ನಮ್ಮಲ್ಲಿ ಕಡಿಮೆ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಬೇರೆ ಊರುಗಳಲ್ಲಿ ಚರ್ಮದ ಡಾಕ್ಟರು ಅಥವಾ ಶುಗರ್ ಕಾಲಿನ ಕ್ಲಿನಿಕ್. ತಮಾಷೆ ಅಂದರೆ, ಅವರು ಕೈಗೆತ್ತಿಕೊಳ್ಳುವುದೂ ಬ್ಲೇಡನ್ನೇ! ಆದರೆ ಅದಕ್ಕೂ ಮೊದಲು ಪಾದದ ಮೇಲೆ, ಒಳಗಡೆ ಗಿಣ್ಣಿನ ಹಿಂದೆ ನಾಡಿ ಹಿಡಿದು ನೋಡುತ್ತಾರೆ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅಂಗಾಲು ಮುಟ್ಟಿ ಸ್ಪರ್ಶ ಪರೀಕ್ಷಿಸುತ್ತಾರೆ. ಆಮೇಲೆ ಶುದ್ಧ ಮಾಡಿದ ಬ್ಲೇಡಿನಿಂದ ಸತ್ತ ಚರ್ಮವನ್ನಷ್ಟೇ ಹೆರೆದು, ರಕ್ತ ಬರುವ ಮೊದಲೇ ನಿಲ್ಲಿಸುತ್ತಾರೆ. ನಿಲ್ಲಿಸುವುದು ಎಲ್ಲಿ ಅಂತ ಗೊತ್ತಿರುವುದೇ ಅವರ ಕಸುಬು. ಕೊನೆಗೆ ನಿಮ್ಮ ಶೂ ಕೇಳುತ್ತಾರೆ.

ಶೂ ಕಾಲಿಗೆ ಬಿಗಿಯಾಗಿದೆಯಾ ಅಂತ ಮನೆಯಲ್ಲೂ ನೋಡಬಹುದು. ಹಾಳೆಯ ಮೇಲೆ ಬರಿಗಾಲಲ್ಲಿ ನಿಂತುಕೊಳ್ಳಿ. ಕೂತರೆ ಪಾದ ಅಗಲ ಆಗುವುದಿಲ್ಲ, ನಿಲ್ಲಲೇಬೇಕು. ಬೇರೆಯವರಿಂದ ಸುತ್ತ ಪೆನ್ಸಿಲ್ ಎಳೆಸಿ, ಆ ಗೆರೆ ಮೇಲೆ ಶೂ ಇಡಿ. ಸಂಜೆಗೆ ಕಾಲು ಸ್ವಲ್ಪ ಊದಿರುತ್ತದೆ, ಹೊಸದು ಕೊಳ್ಳುವುದೂ ಆಗಲೇ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ.

ಅಪ್ಪನದ್ದನ್ನು ನಾನೇ ಎಳೆದೆ. ಗೆರೆ ಶೂವಿನಿಂದ ಅರ್ಧ ಬೆರಳು ಹೊರಗಿತ್ತು, ಸರಿಯಾಗಿ ಆ ಕಿರುಬೆರಳ ಪಕ್ಕದಲ್ಲಿ.