ಪಡಸಾಲೆಯಲ್ಲಿ ಕೋರಾ: ಮಾಳಮಡ್ಡಿಯಲ್ಲಿ ಹೊರನಾಡಿನ ಸಂಗೀತದ ಬೈಠಕ್ ನಡೆಸಿದ ನನ್ನ ಅನುಭವ

ದೀಪಾವಳಿ ಮುಗಿದ ಮೇಲೆ ನಮ್ಮ ಪಡಸಾಲೆಯಲ್ಲಿ ಮೂರು ಬೈಠಕ್ ಇಟ್ಟುಕೊಂಡಿದ್ದೇವೆ. ಮೂರೂ ಹೊರನಾಡಿನ ವಾದ್ಯಗಳು: ನವೆಂಬರಿನಲ್ಲಿ ಜಿಂಬಾಬ್ವೆಯ ಎಂಬಿರಾ, ಡಿಸೆಂಬರಿನಲ್ಲಿ ಅರಬ್ ನಾಡುಗಳ ತಂತಿವಾದ್ಯ ಊದ್, ಜನವರಿಯಲ್ಲಿ ಪಶ್ಚಿಮ ಆಫ್ರಿಕಾದ ಕೋರಾ. ಜನವರಿಯ ಸಂಜೆಯೇ ಹಳಿಯಾಳದ ಕಡೆಯ ಸಿದ್ದಿ ಕಲಾವಿದರ ದಮಾಮಿ ಎಂಬ ಚರ್ಮವಾದ್ಯವೂ ಇದೆ. ಇದು ನಾಲ್ಕನೆಯ ವರ್ಷ. ಗದಗಿನಿಂದ, ಹಾವೇರಿಯಿಂದ ಇಬ್ಬರು ಮೂವರು ಫೋನ್ ಮಾಡಿ, "ನಮ್ಮೂರಾಗೂ ಮಾಡಬೇಕಂತೀವಿ, ಹ್ಯಾಂಗ ಮಾಡಿದ್ರಿ ಸ್ವಲ್ಪ ಹೇಳ್ರಿ" ಎಂದು ಕೇಳಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಡಿಸಿದ್ದನ್ನೂ ಬಿಡದೆ ಬರೆಯುತ್ತೇನೆ.

ಜಾಗ ದೊಡ್ಡದಲ್ಲ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮಾವನವರ ಕಾಲದ ಮನೆ, ರಸ್ತೆಗೆ ಮುಖ ಮಾಡಿದ ಉದ್ದನೆಯ ಪಡಸಾಲೆ. ಮೇಲೆ ಮಂಗಳೂರು ಹಂಚು, ಕೆಳಗೆ ಶಹಾಬಾದಿ ಫರಸಿ. ಒತ್ತಿ ಕೂತರೆ ಎಪ್ಪತ್ತು ಮಂದಿ. ಮೊಣಕಾಲು ನೋವಿನವರಿಗೆ ಹತ್ತು ಕುರ್ಚಿ, ಉಳಿದವರಿಗೆಲ್ಲ ಜಮಖಾನೆ.

ಮೊದಲ ವರ್ಷ ಬಂದವರು ಮಾಲಿ ದೇಶದ ಕೋರಾ ವಾದಕರು. ಕೋರಾ ನೋಡದವರಿಗೆ ಹೇಳಬೇಕೆಂದರೆ, ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಸೀಳಿ, ಅದರ ಬಾಯಿಗೆ ಆಕಳ ಚರ್ಮ ಬಿಗಿದು, ನಡುವೆ ಉದ್ದನೆಯ ಕೋಲು ತೂರಿಸಿರುತ್ತಾರೆ. ತಂತಿ ಒಟ್ಟು 21, ಎಡಗೈಗೆ 11, ಬಲಗೈಗೆ 10. ತಂತಿ ಎಂದರೂ ಈಗ ಬಳಸುವುದು ನೈಲಾನ್ ದಾರ, ಮೀನಿನ ಗಾಳಕ್ಕೆ ಕಟ್ಟುವಂಥದ್ದು. ಬಾರಿಸುವುದು ಎರಡು ಹೆಬ್ಬೆರಳು, ಎರಡು ತೋರುಬೆರಳು, ಅಷ್ಟೇ. ಉಳಿದ ಬೆರಳುಗಳು ಹಿಡಿಕೆಯನ್ನು ಹಿಡಿದಿರುತ್ತವೆ. ಹೆಬ್ಬೆರಳು ಕೆಳಗೆ ಒಂದೇ ನಡೆಯನ್ನು ಬಿಡದೆ ಸುತ್ತುತ್ತಿದ್ದರೆ ತೋರುಬೆರಳುಗಳು ಅದರ ಮೇಲೆ ಝರಿಯಂತೆ ಇಳಿಯುತ್ತವೆ.

ಅದು ಅಕ್ಟೋಬರ್, ಹಿಂದಿನ ರಾತ್ರಿ ಮಳೆ ಹೊಡೆದಿತ್ತು. ತಂಪಿಗೆ ಚರ್ಮ ಸಡಿಲಾಗಿ ಶ್ರುತಿ ನಿಲ್ಲಲೊಲ್ಲದು. ಅವರ ಕೋರಾಕ್ಕೆ ತಂತಿ ಬಿಗಿಯುವ ಕೀಲಿ ಇರಲಿಲ್ಲ. ಹಳೆಯ ಪದ್ಧತಿಯಂತೆ ಕೋಲಿಗೆ ಹೆಣೆದ ಚರ್ಮದ ಬಳೆಗಳು ಇದ್ದವು, ಒಂದೊಂದು ತಂತಿಗೆ ಒಂದೊಂದು ಬಳೆ. ಅದನ್ನು ಮುಷ್ಟಿಯಲ್ಲಿ ಹಿಡಿದು ತಿರುವುತ್ತ, ಕೂದಲೆಳೆಯಷ್ಟು ಮೇಲೆ ಸರಿಸಿ, ಕಿವಿಗೊಟ್ಟು ಕೇಳಿ, ಮತ್ತೆ ಕೆಳಗೆಳೆದು ಕೂರಿಸುತ್ತಿದ್ದರು. ನಡುವೆ ಎದ್ದು ಹೋಗಿ ವಾದ್ಯವನ್ನು ಅಂಗಳದ ಬಿಸಿಲಿಗೆ ಸ್ವಲ್ಪ ಹೊತ್ತು ಹಿಡಿದರು, ನಮ್ಮ ಹಲಗಿಯವರು ಬಾರಿಸುವ ಮೊದಲು ಬೆಂಕಿಗೆ ಕಾಯಿಸುವ ಹಾಗೆ. ಒಳಗೆ ಬರುತ್ತ ಮೂಲೆಯಲ್ಲಿದ್ದ ತಂಬೂರಿ ಕಂಡಿತು. ಅದರ ಬುರುಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದರು, ತಮ್ಮ ವಾದ್ಯದ ಬುರುಡೆಯನ್ನೂ ಬಡಿದರು, ನನ್ನ ಮುಖ ನೋಡಿ ನಕ್ಕರು.

ಆ ಹೊತ್ತಿಗೆ ಎದುರು ಮನೆಯ ಅಮ್ಮನವರು ಹಾಲಿನ ಪಾತ್ರೆ ಕೊಡಲು ಬಂದವರು ಅಲ್ಲಿಯೇ ಗೋಡೆಗೆ ಒರಗಿ ಕೂತುಬಿಟ್ಟರು. ಚಿಕ್ಕಂದಿನಲ್ಲಿ ಎಂಟು ವರ್ಷ ಹಾಡು ಕಲಿತವರು, ಕುಂದಗೋಳದ ನಾಡಗೀರ ವಾಡೆಯ ಸಂಗೀತ ಸಭೆಗಳಲ್ಲಿ ನೆಲದ ಮೇಲೆ ಕೂತು ಬೆಳಗಿನವರೆಗೆ ಕೇಳಿದವರು. ಶ್ರುತಿ ಕೂಡಿದ ಮೇಲೆ ಕಲಾವಿದರು ಕೈ ಹದಕ್ಕೆಂದು ಇಪ್ಪತ್ತು ನಿಮಿಷ ಬಾರಿಸಿದರು. ಅಮ್ಮನವರು ಅಲುಗಾಡಲಿಲ್ಲ.

ಸಂಜೆಗೆ ನಾನು ಬಾಡಿಗೆಯ ಸೌಂಡ್ ಸಿಸ್ಟಮ್ ತರಿಸಿದ್ದೆ. ಎರಡು ದೊಡ್ಡ ಸ್ಪೀಕರ್, ಮೂರು ಮೈಕ್. ಹೊರಗಿನಿಂದ ಬಂದ ಕಲಾವಿದರಿಗೆ ಕಡಿಮೆ ಆಗಬಾರದು ಎಂಬ ಹಟ ನನ್ನದು. ಹಂಚಿನ ಕೆಳಗೆ, ಬರಿ ಫರಸಿಯ ಮೇಲೆ, ಸದ್ದು ಸದ್ದಿಗೆ ಬಡಿದು 21 ತಂತಿಗಳೂ ಕಲಸಿ ಹೋದವು. ಮುಗಿದ ಮೇಲೆ ಅಮ್ಮನವರು ನನ್ನ ಕೈ ಹಿಡಿದು ಹೇಳಿದರು: "ಮಧ್ಯಾಹ್ನ ಕೇಳಿದ್ದು ಭಾಳ ಛಲೋ ಇತ್ತು ನೋಡವಾ. ಸಂಜಿಮುಂದ ಡಬ್ಬಿ ಒಳಗಿಂದ ಕೇಳಿಸಿಧಂಗ ಆತು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನವೂ ಕಲಾವಿದರು ನಮ್ಮಲ್ಲೇ ಇದ್ದರು. ಓಣಿಯ ಇಪ್ಪತ್ತು ಮಂದಿಯನ್ನು ಕರೆದು, ಮೈಕ್ ಇಲ್ಲದೆ, ಇನ್ನೊಮ್ಮೆ ಕೂಡಿಸಿದೆ. ಈ ಪಡಸಾಲೆಯಲ್ಲಿ ಮೈಕ್ ಬೇಡವೆಂದು ಅಂದೇ ತೀರ್ಮಾನ ಮಾಡಿದೆ.

ಮೈಕ್ ಬಿಡುವುದೆಂದರೆ ಬರೀ ತಂತಿ ಕಿತ್ತಿಡುವುದಲ್ಲ, ಕೂಡುವ ರೀತಿಯೇ ಬದಲಾಗಬೇಕು. ಮೊದಲು ಕಲಾವಿದರನ್ನು ಪಡಸಾಲೆಯ ತುದಿಯಲ್ಲಿ ಕೂಡಿಸಿದ್ದೆ, ಹಿಂದಿನವರಿಗೆ ನಲವತ್ತು ಅಡಿ ದೂರ. ಈಗ ಉದ್ದ ಗೋಡೆಯ ನಡುಮಧ್ಯದಲ್ಲಿ ಒಂದು ಗೇಣು ಎತ್ತರದ ಹಲಗೆಯ ಮೇಲೆ ಕೂಡಿಸುತ್ತೇವೆ, ಕೇಳುವವರು ಮೂರು ಕಡೆ. ಹೆಚ್ಚಿನವರಿಗೆ ಬೆರಳು ಕಾಣುವಷ್ಟು ಹತ್ತಿರ. ಫರಸಿಗೆ ನವಲಗುಂದದ ಜಮಖಾನೆ ಹಾಸಿದೆವು. ಕಲಾವಿದರ ಎದುರಿನ ಗೋಡೆಗೆ ಅತ್ತೆಯವರ ಕಾಲದ ನಾಲ್ಕು ಕೌದಿ ಇಳಿಬಿಟ್ಟೆವು, ಪ್ರತಿಧ್ವನಿ ಅಲ್ಲಿಗೇ ಅಡಗಿತು. ಕಲಾವಿದರ ಬೆನ್ನಿನ ಗೋಡೆಯನ್ನು ಮಾತ್ರ ಬರಿದೇ ಬಿಡಬೇಕು. ಅಲ್ಲಿಯೂ ಬಟ್ಟೆ ಹಾಕಿದರೆ ನಾದ ಸತ್ತು ಹೋಗುತ್ತದೆ, ಅದನ್ನೂ ಮಾಡಿ ನೋಡಿದ್ದೇನೆ. ಫ್ಯಾನ್ ಬಂದ್. ಮಳೆಗಾಲದಲ್ಲಿ ಹಂಚಿನ ಸದ್ದಿಗೆ ಏನೂ ಕೇಳದು, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಯಕ್ರಮವಿಲ್ಲ. ಧ್ವನಿವರ್ಧಕವೇ ಇಲ್ಲವಾದ್ದರಿಂದ ಅದರ ಪರವಾನಗಿಗೆ ಓಡಾಡುವುದೂ ತಪ್ಪಿತು.

ಎರಡನೆಯ ತಪ್ಪು ನನ್ನ ಭಾಷಣ. ಮಾಲಿಯ ನಕಾಶೆ, ಅಲ್ಲಿನ ಇತಿಹಾಸ, ಗ್ರಿಯೋ ಎಂಬ ವಂಶಪಾರಂಪರ್ಯದ ಹಾಡುಗಾರರ ವಿಷಯ, ಎಲ್ಲ ಸೇರಿಸಿ ಅರ್ಧ ಗಂಟೆ ಪರದೆಯ ಮೇಲೆ ತೋರಿಸಿದೆ. ಜನ ಮರ್ಯಾದೆಗೆ ಕೂತಿದ್ದರು. ಮರುದಿನದ ಬೈಠಕ್‌ನಲ್ಲಿ ಭಾಷಣ ಇರಲಿಲ್ಲ. ಕಲಾವಿದರೇ ಹಾಡಿನ ನಡುವೆ, ತಾವು ಹಾಡುತ್ತಿರುವುದು ಒಂದು ಮನೆತನದ ಹಿರಿಯರ ಹೆಸರುಗಳು, ತಮ್ಮ ತಂದೆ ಅಜ್ಜಂದಿರು ಆ ಮನೆತನಕ್ಕೆ ಹೀಗೆಯೇ ಹಾಡುತ್ತಿದ್ದರು ಎಂದರು. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಹಿಂದಿನಿಂದ ಒಬ್ಬ ಹಿರಿಯರು, "ಅಂದ್ರ ಇವರು ನಮ್ಮ ಹೆಳವರ ಹಂಗ ಅಲ್ಲೇನ್ರಿ?" ಎಂದು ಕೇಳಿದರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಹೊಲದವರ ಮನೆಯ ಕಟ್ಟೆಯಲ್ಲಿ ಕೂತು, ಏಳೆಂಟು ತಲೆಮಾರಿನ ಹೆಸರು ಹೇಳುವ ಹೆಳವರು ಈ ಸೀಮೆಯವರಿಗೆ ಗೊತ್ತೇ ಇರುವವರು. ಅದನ್ನು ಕಲಾವಿದರಿಗೆ ತಿಳಿಸಿದಾಗ ಅವರು ವಾದ್ಯ ಕೆಳಗಿಟ್ಟು, ಹೆಳವರಿಗೆ ಕಾಳು ಕೊಡುತ್ತಾರೋ ಹಣ ಕೊಡುತ್ತಾರೋ, ಹೆಣ್ಣುಮಕ್ಕಳ ಹೆಸರೂ ಹೇಳುತ್ತಾರೋ ಎಂದು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ನನ್ನ ಅರ್ಧ ಗಂಟೆಯ ಪರದೆ ಮಾಡದ ಕೆಲಸವನ್ನು ಆ ಹಿರಿಯರ ಒಂದು ಮಾತು ಮಾಡಿತ್ತು.

ಕೋರಾಕ್ಕೆ ಹಲವು ಶ್ರುತಿಕಟ್ಟುಗಳಿವೆ. ಅಂದು ಮಧ್ಯಂತರದಲ್ಲಿ ಅವರು ಬಳೆಗಳನ್ನು ತಿರುವಿ 'ಸೌತಾ' ಎಂಬ ಕಟ್ಟಿಗೆ ಬಂದರು. ಅದರಲ್ಲಿ ನಾಲ್ಕನೆಯ ಸ್ವರ ಏರಿರುತ್ತದೆ. ಮೊದಲ ಸಾಲು ಬಂದಕೂಡಲೇ ಮುಂದೆ ಕೂತಿದ್ದ ಹುಡುಗಿ, ಇನ್ನೂ ಕಲಿಯುತ್ತಿರುವವಳು, ತಿರುಗಿ ಗೆಳತಿಗೆ "ತೀವ್ರ ಮಧ್ಯಮ" ಅಂದಳು. ಆ ಸ್ವರವಿರುವ ಯಮನ್ ರಾಗ ಇದು ಎಂದು ಯಾರೂ ಅನ್ನಲಿಲ್ಲ, ಅನ್ನಲೂ ಬಾರದು. ಸ್ವರ ಕೂಡಿದ ಮಾತ್ರಕ್ಕೆ ರಾಗ ಕೂಡುವುದಿಲ್ಲ. ಆದರೆ ಎಲ್ಲಿ ಕಿವಿ ಇಡಬೇಕೆಂದು ಆಕೆಗೆ ಗೊತ್ತಾಗಿತ್ತು. ಮುಂದಿನ ವರ್ಷ ಊದ್ ಬಂದಾಗಲೂ ಹೀಗೇ ಆಯಿತು. ಸಿತಾರಿಗಿರುವಂಥ ಸ್ವರದ ಪರದೆಗಳು ಆ ವಾದ್ಯಕ್ಕಿಲ್ಲ, ಬೆರಳು ಎರಡು ಸ್ವರಗಳ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ನಮ್ಮ ರಾಗದಂತೆ ಅರಬ್ಬರದು ಮಕಾಮ್; ಹಿಜಾಜ್ ಎಂಬ ಮಕಾಮ್‌ನ ಮೊದಲ ನಾಲ್ಕು ಸ್ವರ ಬಂದಾಗ ಪಡಸಾಲೆಯ ಅರ್ಧ ಮಂದಿ ಭೈರವ ರಾಗದ ಪೂರ್ವಾಂಗ, ಅಂದರೆ ಮೊದಲರ್ಧ, ಗುರುತಿಸಿ ತಲೆದೂಗಿದರು. ಧಾರವಾಡದ ಕಿವಿಯನ್ನು ಗಾಯಕರಾದ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು, ರಹಿಮತ್ ಖಾನರ ಮನೆತನದ ಸಿತಾರ್ ಹದ ಮಾಡಿ ಇಟ್ಟಿದ್ದಾರೆ. ಅದನ್ನು ನಂಬಬೇಕು.

ತಬಲಾ ಜೊತೆ ಜುಗಲ್‌ಬಂದಿ ಇಡಿ ಎಂದು ಪ್ರತಿ ವರ್ಷ ಒತ್ತಾಯ ಬರುತ್ತದೆ. ನಾನು ಇಡುವುದಿಲ್ಲ. ಒಮ್ಮೆ ಇಟ್ಟಿದ್ದೆ. ಮಧ್ಯಾಹ್ನ ಪರಿಚಯವಾದ ಇಬ್ಬರು ಸಂಜೆಗೆ ಒಬ್ಬರಿಗೊಬ್ಬರು ಅಡ್ಡಿಯಾಗದಂತೆ ಬಾರಿಸುವುದರಲ್ಲೇ ಹೊತ್ತು ಕಳೆದರು. ಜನ ಚಪ್ಪಾಳೆ ತಟ್ಟಿದರು, ನನಗೆ ಮನಸ್ಸು ಒಪ್ಪಲಿಲ್ಲ.

ಇನ್ನು ಹಣದ ಮಾತು. ವಿದೇಶದಿಂದ ಕಲಾವಿದರನ್ನು ಕರೆಸುವ ಶಕ್ತಿ ನಮಗಿಲ್ಲ. ಬೆಂಗಳೂರು, ಪುಣೆ, ಗೋವಾಕ್ಕೆ ಹೇಗೂ ಬರುವವರನ್ನು ಹಿಡಿಯುತ್ತೇವೆ. ಅವರ ಶನಿವಾರ, ಭಾನುವಾರ ದೊಡ್ಡ ಊರಿಗೆ ಹೋಗುತ್ತವೆ, ಮಂಗಳವಾರ, ಬುಧವಾರ ಖಾಲಿ ಇರುತ್ತವೆ. ಆ ದಿನಗಳು ನಮಗೆ. 2023ರಿಂದ ಬೆಂಗಳೂರು–ಧಾರವಾಡ ವಂದೇ ಭಾರತ್ ಓಡುತ್ತಿರುವುದರಿಂದ ವಾದ್ಯ ಕಾಲ ಬಳಿ ಇಟ್ಟುಕೊಂಡೇ ಬರುತ್ತಾರೆ. ಮೊದಲ ಸಲ 200 ರೂಪಾಯಿ ಟಿಕೆಟ್‌ಗೆ 41 ಮಂದಿ ಬಂದರು, ಸಂಭಾವನೆಯ ಅರ್ಧವೂ ಹುಟ್ಟಲಿಲ್ಲ. ಈಗ ಗಣಪತಿಗೆ ಪಟ್ಟಿ ಎತ್ತುವ ಹಾಗೆ ಹನ್ನೆರಡು ಮನೆಗಳಿಂದ ವರ್ಷಕ್ಕೆ 3,000 ರೂಪಾಯಿಯಂತೆ ಮೊದಲೇ ಕೂಡಿಸುತ್ತೇವೆ. ಟಿಕೆಟ್ 300, ವಿದ್ಯಾರ್ಥಿಗಳಿಗೆ 100. ಎರಡು ವಿಷಯ ಮರೆಯಬೇಡಿ. ವಿದೇಶಿ ಕಲಾವಿದರ ಸಂಭಾವನೆಯಲ್ಲಿ ಶೇ 20ರಷ್ಟು ತೆರಿಗೆ, ಅದರ ಮೇಲೆ ಸೆಸ್ ಮುರಿದು ಕಟ್ಟಬೇಕು. ನನಗೆ ತಿಳಿಯದೆ ಮೊದಲ ವರ್ಷ ಕೈಯಿಂದ ಹಾಕಿದೆ. ಅವರನ್ನು ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಅವರ ವಿವರವನ್ನು ಸರಕಾರಕ್ಕೆ ಆನ್‌ಲೈನ್‌ನಲ್ಲಿ ತುಂಬಿ ಕೊಡಬೇಕು.

ವೇಳೆಯ ಬಗ್ಗೆಯೂ ಕಲಿತೆ. ಹೊರಗಿನವರು ಎಪ್ಪತ್ತು ನಿಮಿಷಕ್ಕೆ ಎದ್ದು ನಮಸ್ಕಾರ ಮಾಡುತ್ತಾರೆ. ನಮ್ಮವರು "ಈಗ ಚಾಲೂ ಆತು, ಮುಗದೇ ಹೋತೇನ್ರಿ?" ಅನ್ನುತ್ತಾರೆ. ಅದಕ್ಕೆ ಈಗ ಚಹಾ ಆದ ಮೇಲೆ ಎರಡನೆಯ ಭಾಗ ಇದೆ: ವಾದ್ಯ ಕೈಯಲ್ಲಿಟ್ಟುಕೊಂಡೇ ಮಾತು, ಕೇಳಿದ್ದಕ್ಕೆ ಉತ್ತರ, ಬೇಕೆಂದಿದ್ದನ್ನು ಮತ್ತೊಮ್ಮೆ.

ಕಾರ್ಡಿನಲ್ಲಿ 'ವಿಶ್ವ ಸಂಗೀತ' ಎಂದು ಹಾಕುವುದನ್ನು ಬಿಟ್ಟಿದ್ದೇವೆ. ಆ ಹೆಸರು 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ, ರೆಕಾರ್ಡ್ ಕಂಪನಿಗಳವರು ಸಭೆ ಸೇರಿ ಒಪ್ಪಿಕೊಂಡದ್ದು. ಅಂಗಡಿಯ ಯಾವ ಕಪಾಟಿನಲ್ಲೂ ಕೂಡದ ಸಂಗೀತಕ್ಕೆ ಒಂದು ಚೀಟಿ ಬೇಕಿತ್ತು. ಆ ಲೆಕ್ಕಕ್ಕೆ ಗಂಗೂಬಾಯಿ ಹಾನಗಲ್ಲರ ಹಾಡೂ ಅದೇ ಕಪಾಟಿಗೆ ಹೋಗುತ್ತದೆ. ನಾವು ವಾದ್ಯದ ಹೆಸರು, ಊರಿನ ಹೆಸರು ಬರೆಯುತ್ತೇವೆ. ಜನವರಿಯ ಕಾರ್ಡಿನಲ್ಲಿ ಸಿದ್ದಿ ಕಲಾವಿದರ ಹೆಸರು ಕೋರಾ ವಾದಕರ ಹೆಸರಿನ ಪಕ್ಕದಲ್ಲೇ, ಅದೇ ಅಕ್ಷರದಲ್ಲಿ ಇರುತ್ತದೆ. ಸಂಭಾವನೆಯೂ ಸಮ. ಸಿದ್ದಿಗಳ ಹಿರಿಯರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು ನಿಜ, ಆದರೆ ದಮಾಮಿ ನಮ್ಮ ಪಕ್ಕದ ಕಾಡಿನ ವಾದ್ಯ. ಕೋರಾಕ್ಕೆ ಪೀಠಿಕೆ ಎಂದು ಅದನ್ನು ಇಡಲು ನನಗೆ ಇಷ್ಟವಿಲ್ಲ. ಆ ಸಂಜೆಯ ಎರಡನೆಯ ಭಾಗ ಪೂರ್ತಿ ಸಿದ್ದಿ ಕಲಾವಿದರದೇ.

ಈಗ ತಲೆಯಲ್ಲಿರುವುದು ನವೆಂಬರಿನ ಎಂಬಿರಾ. ಮರದ ಹಲಗೆಗೆ ಸಾಲಾಗಿ ಬಿಗಿದ ಕಬ್ಬಿಣದ ಪಟ್ಟಿಗಳು, ಎರಡು ಹೆಬ್ಬೆರಳು ಮತ್ತು ಬಲಗೈ ತೋರುಬೆರಳಿನಿಂದ ಮೀಟುವುದು. ಅದನ್ನು ಅರ್ಧ ಸೋರೆಬುರುಡೆಯೊಳಗೆ ಇಟ್ಟುಕೊಂಡು ನುಡಿಸುತ್ತಾರೆ. ಬುರುಡೆಗೆ ಬಾಟಲಿಯ ಮುಚ್ಚಳ ಅಥವಾ ಚಿಪ್ಪು ಕಟ್ಟಿರುತ್ತಾರೆ, ಪ್ರತಿ ಸ್ವರಕ್ಕೂ ಒಂದು ಝರ್ ಎಂಬ ಗುಂಗು ಬೇಕೆಂದೇ. ರೆಕಾರ್ಡ್ ಕೇಳಿದ ಒಬ್ಬರು "ಏನೋ ಸಡಿಲ ಆಗೇತಿ" ಎಂದರು. ಇದನ್ನು ಮಾತಿನಲ್ಲಿ ವಿವರಿಸುವ ಬದಲು ತಂಬೂರಿ ಇಡೋಣ ಎಂದುಕೊಂಡಿದ್ದೇನೆ. ಮೊದಲು ಕುದುರೆಯ ಮೇಲೆ, ಅಂದರೆ ತಂತಿ ಕೂರುವ ಮೆಟ್ಟಿನ ಮೇಲೆ, ತಂತಿಯ ಕೆಳಗಿರುವ ನೂಲು ತೆಗೆದು ಮೀಟುವುದು, ತಂತಿ ಟಣ್ ಎಂದು ಸುಮ್ಮನಾಗುತ್ತದೆ. ಆಮೇಲೆ ನೂಲು ಮತ್ತೆ ಇಟ್ಟು, ಸರಿಸಿ, ಜವಾರಿ ಎಂಬ ಗುಂಗು ಏಳಿಸುವುದು. ಅದರ ಬೆನ್ನಿಗೇ ಎಂಬಿರಾ.

ನಮ್ಮ ತಂಬೂರಿಯ ಜವಾರಿ ಕೆಟ್ಟಿದೆ. ಎದುರು ಮನೆಯ ಅಮ್ಮನವರದನ್ನು ಕೇಳಲು ಹೋದೆ. ಕೊಡುತ್ತೇನೆ ಎಂದರು, ಒಂದು ಷರತ್ತು ಹಾಕಿದರು: "ನೂಲು ನಾನ ತಗೀತೀನಿ, ನಾನ ಇಡತೀನಿ. ನೀ ಮುಟ್ಟಬ್ಯಾಡ."