ಹೋಬಳಿ ಮೈದಾನದಲ್ಲಿ ಮಕ್ಕಳ ಅಥ್ಲೆಟಿಕ್ಸ್ ಕ್ಲಬ್ ಕಟ್ಟುವುದು ಹೇಗೆ

ಮಳೆಗಾಲ ಶುರುವಾದರೆ ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದ ಸುದ್ದಿ ಏಳುತ್ತದೆ. ಹದಿನೈದು ದಿನ ಮಕ್ಕಳನ್ನು ಮೈದಾನ ಸುತ್ತಿಸುತ್ತಾರೆ, ಗೆದ್ದವರು ತಾಲ್ಲೂಕಿಗೆ ಹೋಗುತ್ತಾರೆ, ಮಿಕ್ಕವರು ಮುಂದಿನ ವರ್ಷದವರೆಗೆ ಓಟದ ಗೊಡವೆಗೇ ಹೋಗುವುದಿಲ್ಲ. ಊರಿಗೊಂದು ಕ್ಲಬ್ ಬೇಕಿರುವುದು ಆ ಮಿಕ್ಕವರಿಗಾಗಿ. ಸದಾ ಎಂಟನೆಯವನಾಗಿ ಬರುವ ಹುಡುಗ ವಾರವಾರವೂ ಮೈದಾನಕ್ಕೆ ಬರಬೇಕಾದರೆ ಅವನು ಮುರಿಯಲು ಅವನದೇ ಒಂದು ದಾಖಲೆ ಇರಬೇಕು. ಅದಕ್ಕೆ ದೂರ ಸರಿಯಿರಬೇಕು, ವಾಚು ಸರಿಯಿರಬೇಕು, ಪುಸ್ತಕದಲ್ಲಿ ಬರೆದಿರಬೇಕು. ಹಾಗಾಗಿ ಇಲ್ಲಿ ಅಳತೆಯ ಮಾತೇ ಜಾಸ್ತಿ.

ಜನ, ಜಾಗ, ಕಾಗದ

ಮೊದಲು ಬೇಕಿರುವುದು ತಪ್ಪದೆ ಬರುವ ನಾಲ್ಕು ಮಂದಿ ದೊಡ್ಡವರು. ಹತ್ತು ಹನ್ನೆರಡು ಮಕ್ಕಳಿಗೆ ಒಬ್ಬರ ಲೆಕ್ಕ ಹಿಡಿಯಿರಿ. ಎಷ್ಟೇ ಕಡಿಮೆ ಮಕ್ಕಳಿದ್ದರೂ ಮೈದಾನದಲ್ಲಿ ಇಬ್ಬರು ದೊಡ್ಡವರು ಇರಲೇಬೇಕು, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಅಮ್ಮಂದಿರು ಬಂದು ನಿಲ್ಲುವ ಮೈದಾನಕ್ಕೆ ಹೆಣ್ಣುಮಕ್ಕಳನ್ನು ಧೈರ್ಯವಾಗಿ ಕಳಿಸುತ್ತಾರೆ. ಐರ್ಲೆಂಡಿನ ಸಣ್ಣ ಊರುಗಳಲ್ಲೂ ಇಂಥ ಮಕ್ಕಳ ಕ್ಲಬ್ಬುಗಳಿವೆ. ಅಲ್ಲಿ ಮಕ್ಕಳಿಗೆ ತರಬೇತಿ ಕೊಡುವವರಿಗೆ ಪೊಲೀಸ್ ತಪಾಸಣೆ ಆಗಿರಲೇಬೇಕೆಂದು ಕಾನೂನೇ ಇದೆ. ನಮ್ಮಲ್ಲೂ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪತ್ರ ಪಡೆಯಬಹುದು. ಯಾರೂ ಕೇಳದಿದ್ದರೂ ಪಡೆಯಿರಿ. ಮಕ್ಕಳ ಸಹಾಯವಾಣಿ 1098 ಅನ್ನು ಹಾಜರಿ ಪುಸ್ತಕದ ರಟ್ಟಿನ ಮೇಲೆಯೇ ಬರೆದಿಡಿ.

ಜಾಗಕ್ಕೆ ಸರ್ಕಾರಿ ಪ್ರೌಢಶಾಲೆಯ ಮೈದಾನವೇ ಗತಿ. ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಒಪ್ಪಿಗೆ ಬಾಯಿಮಾತಿನಲ್ಲಿ ಬೇಡ. ವಾರ, ಸಮಯ, ಬೀಗದ ಕೈ ಯಾರ ಹತ್ತಿರ, ಶೌಚಾಲಯ ತೆಗೆಯುವುದುಂಟೋ ಇಲ್ಲವೋ ಎಲ್ಲ ಕಾಗದದ ಮೇಲಿರಲಿ. ಮುಖ್ಯ ಶಿಕ್ಷಕರು ವರ್ಗವಾಗಿ ಹೋದ ದಿನ ಆ ಕಾಗದವೇ ಕ್ಲಬ್ಬನ್ನು ಉಳಿಸುವುದು. ಸಂಘದ ನೋಂದಣಿ ಮೊದಲ ವರ್ಷಕ್ಕೆ ಬೇಕಿಲ್ಲ. ಬ್ಯಾಂಕ್ ಖಾತೆ, ಅನುದಾನದ ಮಾತು ಬಂದಾಗ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರಡಿ ಏಳು ಜನ ಸೇರಿ ಮಾಡಿಸಿಕೊಳ್ಳಿ.

ಮಗುವಿಗೊಂದು ಪುಟ: ಜನನ ಪ್ರಮಾಣಪತ್ರದ ನಕಲು, ಪೋಷಕರ ಸಹಿ, ಎರಡು ಫೋನ್ ನಂಬರು, ಉಬ್ಬಸ ಅಥವಾ ಮೂರ್ಛೆ ಇದೆಯೇ ಎಂಬ ವಿವರ. ಅದೇ ಪುಟದ ಕೆಳಗೆ ಆ ಮಗುವಿನ ಸಮಯ, ದೂರಗಳ ಪಟ್ಟಿ.

ಇನ್ನೂರು ಮೀಟರ್ ಟ್ರ್ಯಾಕ್

ನಾನೂರು ಮೀಟರ್ ಟ್ರ್ಯಾಕಿಗೆ ಹೋಬಳಿಯಲ್ಲಿ ಜಾಗ ಸಿಗುವುದು ಕಷ್ಟ. 90 ಮೀಟರ್ ಉದ್ದ, 50 ಮೀಟರ್ ಅಗಲ ಇದ್ದರೆ ನಾಲ್ಕು ಲೇನಿನ 200 ಮೀಟರ್ ಟ್ರ್ಯಾಕ್ ಕೂರುತ್ತದೆ.

ಮೈದಾನದ ಉದ್ದಕ್ಕೆ ನಟ್ಟನಡುವೆ ದಾರ ಎಳೆದು, ಅದರ ಮೇಲೆ 40 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆಯಿರಿ. ಎರಡೂ ತಿರುವುಗಳ ಕೇಂದ್ರ ಇವೇ. ಪ್ರತಿ ಗೂಟದಿಂದ 18.90 ಮೀಟರ್ ತ್ರಿಜ್ಯದಲ್ಲಿ ಅರ್ಧವೃತ್ತ ಬರೆದು, ಅವುಗಳ ತುದಿಗಳನ್ನು ನೇರ ಗೆರೆಯಿಂದ ಸೇರಿಸಿದರೆ ಒಳಗೆರೆ ಆಯಿತು. ಓಟಗಾರ ಗೆರೆಯ ಮೇಲೆ ಓಡುವುದಿಲ್ಲ, ಗೆರೆಯಿಂದ 20 ಸೆಂಟಿಮೀಟರ್ ಆಚೆ ಓಡುತ್ತಾನೆಂದು ನಿಯಮ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಓಡುವ ತ್ರಿಜ್ಯ 19.10, ಎರಡು ತಿರುವು ಸೇರಿ 120 ಮೀಟರ್, ಎರಡು ನೇರ ಸೇರಿ 80. ಅರ್ಧವೃತ್ತ ಎಲ್ಲಿ ಮುಗಿದು ನೇರ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಗೂಟದ ಬಳಿ ಮೂಲೆಮಟ್ಟ ನೋಡಬೇಕು: ನಡುಗೆರೆಯ ಮೇಲೆ 6 ಮೀಟರ್, ಅಡ್ಡಕ್ಕೆ 8 ಮೀಟರ್ ಗುರುತಿಸಿ, ಓರೆ ಸರಿಯಾಗಿ 10 ಮೀಟರ್ ಬಂದರೆ ಮೂಲೆ ಸರಿ. ಮನೆ ಪಾಯ ಹಾಕುವ ಮೇಸ್ತ್ರಿಯನ್ನು ಕರೆದರೆ ಈ ಕೆಲಸ ಬೇಗ ಆಗುತ್ತದೆ.

ಎಲ್ಲರೂ ಎಡವುವುದು ಹಗ್ಗದಲ್ಲಿ. ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ. ತ್ರಿಜ್ಯ ನೂರಕ್ಕೆ ಒಂದು ಪಾಲು ಹೆಚ್ಚಾದರೂ ಒಂದು ಸುತ್ತಿಗೆ 1.2 ಮೀಟರ್ ಹೆಚ್ಚಾಯಿತು. ಅದೇ ಹಗ್ಗವನ್ನು ಮುಂದಿನ ತಿಂಗಳು ಬೇರೆಯವರು ಎಳೆದು ಗೆರೆ ಹಾಕಿದರೆ, ಹುಡುಗಿ ಚುರುಕಾದಳೋ ಟ್ರ್ಯಾಕ್ ಚಿಕ್ಕದಾಯಿತೋ ತಿಳಿಯದು. ಜಿಐ ತಂತಿ ಅಥವಾ ಸ್ಟೀಲ್ ಟೇಪ್ ಬಳಸಿ. ಕೇಂದ್ರದ ಎರಡು ಗೂಟಗಳ ಜಾಗದಲ್ಲಿ ಕಬ್ಬಿಣದ ಪೈಪಿನ ತುಂಡನ್ನು ನೆಲಮಟ್ಟಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿ, ಕಾಂಪೌಂಡಿನ ಎರಡು ಮೂಲೆಗಳಿಂದ ಅದರ ದೂರ ಬರೆದಿಟ್ಟುಕೊಂಡರೆ, ಪ್ರತಿ ಮಳೆಗಾಲದ ನಂತರ ಹೊಸದಾಗಿ ಅಳೆಯುವ ಕಷ್ಟ ತಪ್ಪುತ್ತದೆ.

ಲೇನಿನ ಅಗಲ 1.22 ಮೀಟರ್. ಒಂದು ಪೂರ್ತಿ ಸುತ್ತನ್ನು ಲೇನಿನಲ್ಲೇ ಓಡಿಸುವಾಗ ಎರಡನೇ ಲೇನಿನವರು 7.67, ಮೂರನೆಯವರು 15.33, ನಾಲ್ಕನೆಯವರು 23.00 ಮೀಟರ್ ಮುಂದಿನಿಂದ ಹೊರಡಬೇಕು. ಈ ದೂರವನ್ನು ಆಯಾ ಲೇನಿನ ಒಳಗೆರೆಯಿಂದ 20 ಸೆಂಟಿಮೀಟರ್ ಆಚೆ, ತಿರುವಿನ ಗುಂಟ ಅಳೆಯಿರಿ, ಅಡ್ಡಹಾಯ್ದು ಅಳೆಯಬೇಡಿ.

ಗೆರೆಗೆ ಯಾವ ಪುಡಿ? ಇದು ಕಾಫಿ ಸೀಮೆಯಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತು. ಬೋರ್ಡೋ ದ್ರಾವಣಕ್ಕೆಂದು (ಗಿಡಗಳಿಗೆ ಹೊಡೆಯುವ ಮೈಲುತುತ್ತ, ಸುಣ್ಣದ ಔಷಧಿ) ತೋಟದ ಗೋದಾಮಿನಲ್ಲಿರುವ ಸುಣ್ಣವನ್ನು ಎಂದೂ ತರಬೇಡಿ. ಅದು ಬೆವರಿನ ಕಾಲಿಗೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮಣ್ಣಿನ ಹುಳಿ ತಗ್ಗಿಸಲು ತೋಟಕ್ಕೆ ಹಾಕುವ ಡಾಲೊಮೈಟ್ ಪುಡಿ ಸುಡುವುದಿಲ್ಲ, ಅದು ಸಾಕು. ರಂಗೋಲಿ ಪುಡಿಯೂ ಆದೀತು. ನಾಲ್ಕು ಲೇನಿಗೆ ಐದು ಗೆರೆ, ಒಟ್ಟು ಸುಮಾರು 1,070 ಮೀಟರ್. ಮೀಟರಿಗೆ 50 ಗ್ರಾಂ ಬಿದ್ದರೂ 50 ಕೆಜಿ ಚೀಲ ಒಂದು ಸಾಲದು, ಎರಡು ತನ್ನಿ.

ಚಿಕ್ಕವರ 60 ಮೀಟರ್ ಓಟವನ್ನು ಮೈದಾನದ ಉದ್ದಕ್ಕೆ ಬೇರೆಯೇ ಗೆರೆ ಹಾಕಿ ಓಡಿಸಿ. ಮುಕ್ತಾಯದ ಆಚೆ ಕನಿಷ್ಠ 15 ಮೀಟರ್ ಬಯಲು ಇರಲಿ. ಮಕ್ಕಳು ಗೆರೆ ದಾಟಿದ ಮೇಲೂ ತಲೆ ತಗ್ಗಿಸಿಕೊಂಡೇ ಓಡುತ್ತಾರೆ. ಕಾಂಪೌಂಡ್ ಗೋಡೆಗೆ ಕೈ ಮುರಿದುಕೊಳ್ಳುವುದು ಹೀಗೆಯೇ.

ಮರಳಿನ ಗುಂಡಿ, ಗುಂಡು

ಉದ್ದಜಿಗಿತದ ಗುಂಡಿ 6 ಮೀಟರ್ ಉದ್ದ, 2.75 ಅಗಲ, 40 ಸೆಂಟಿಮೀಟರ್ ಆಳ. ಆರೂವರೆ ಘನ ಮೀಟರಿನಷ್ಟು ಮರಳು ಹಿಡಿಯುತ್ತದೆ. ತೊಳೆದ ಹೊಳೆಮರಳೇ ಆಗಬೇಕು. ಎಂ-ಸ್ಯಾಂಡ್ ಮಳೆ ಬಿದ್ದು ಒಣಗಿದರೆ ಗಟ್ಟಿಯಾಗಿ ಕೂರುತ್ತದೆ, ಕಣಕಾಲು ಉಳುಕುತ್ತದೆ. ತಳಕ್ಕೆ ಒಂದು ಪದರ ಜಲ್ಲಿ, ಅದರ ಮೇಲೆ ಶೇಡ್ ನೆಟ್, ಆಮೇಲೆ ಮರಳು. ನೆಟ್ ಇಲ್ಲದಿದ್ದರೆ ಅಗೆಯುವಾಗ ಜಲ್ಲಿ ಮೇಲೆ ಬರುತ್ತದೆ. ಅಂಚಿಗೆ ಸೈಜುಗಲ್ಲು ಇಡಬೇಡಿ. ಪ್ರತಿ ಸಲ ಜಿಗಿಸುವ ಮುನ್ನ ಸನಿಕೆಯಿಂದ ಅಗೆದು ಸಡಿಲ ಮಾಡಿ, ಮುಗಿದ ಮೇಲೆ ಟಾರ್ಪಾಲು ಮುಚ್ಚಿ. ಇಲ್ಲದಿದ್ದರೆ ನಾಯಿ ಬೆಕ್ಕುಗಳ ಪಾಲು. ಜಿಗಿತ ಅಳೆಯುವುದು ಮರಳಿನಲ್ಲಿ ಬಿದ್ದ ಅತಿ ಹಿಂದಿನ ಗುರುತಿನಿಂದ ಜಿಗಿಗೆರೆಗೆ ನೇರ ಲಂಬವಾಗಿ. ಮಗು ಹಿಂದಕ್ಕೆ ಕೈ ಊರಿದ್ದರೆ ಅಳತೆ ಕೈಯಿಂದಲೇ.

ಗುಂಡೆಸೆತದ ವೃತ್ತದ ವ್ಯಾಸ 2.135 ಮೀಟರ್. ಬೀಳುವ ವಲಯಕ್ಕೆ ಕೋನಮಾಪಕ ಬೇಡ: ವೃತ್ತದ ಕೇಂದ್ರದಿಂದ 20 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 12 ಮೀಟರ್ ಅಂತರ ಬಂದರೆ ಕೋನ ಸರಿ. ಹದಿನೆಂಟರೊಳಗಿನ ಹುಡುಗಿಯರ ಗುಂಡು 3 ಕೆಜಿ, ಹುಡುಗರದು 5 ಕೆಜಿ. ಹನ್ನೆರಡರೊಳಗಿನವರಿಗೆ ಗುಂಡೇ ಬೇಡ; ಹಳೆಯ ಬ್ಯಾಸ್ಕೆಟ್‌ಬಾಲಿಗೆ ಬಟ್ಟೆ, ಮರಳು ತುಂಬಿ ಒಂದೂವರೆ ಕೆಜಿ ತೂಗಿಸಿ ಹೊಲಿದರೆ ಎರಡು ಕೈಯಲ್ಲಿ ಎಸೆಯಲು ಅದೇ ಸಾಕು. ಎಸೆಯುವಾಗ ಎಲ್ಲರೂ ಎಸೆಯುವವರ ಹಿಂದೆ. ಸೀಟಿ ಊದಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗಿ ಎತ್ತಿಕೊಂಡು, ನಡೆದು ಬರಬೇಕು. ಅತ್ತಲಿಂದ ಇತ್ತ ವಾಪಸು ಎಸೆಯುವ ಅಭ್ಯಾಸವನ್ನು ಮೊದಲ ದಿನವೇ ನಿಲ್ಲಿಸಿ.

ರಿಲೇ ಕೋಲು 28ರಿಂದ 30 ಸೆಂಟಿಮೀಟರ್ ಉದ್ದದ, 40 ಮಿಲಿಮೀಟರ್ ಪಿವಿಸಿ ಪೈಪು. ತುದಿಗಳನ್ನು ಮರಳುಕಾಗದದಲ್ಲಿ ಉಜ್ಜಿ.

ಒಂದು ಸಂಜೆಯ ಅಭ್ಯಾಸ

ಎಂಟರಿಂದ ಹತ್ತು ವರ್ಷದವರಿಗೆ ವಾರಕ್ಕೆ ಎರಡು ದಿನ, ಹನ್ನೊಂದರಿಂದ ಹದಿಮೂರಕ್ಕೆ ಮೂರು, ಅದಕ್ಕಿಂತ ದೊಡ್ಡವರಿಗೆ ನಾಲ್ಕು. ಒಂದು ಸಲಕ್ಕೆ ಒಂದೂಕಾಲು ಗಂಟೆ. ಹದಿನೈದು ನಿಮಿಷ ಮೈ ಬಿಸಿ ಮಾಡುವ ಆಟ. ಆಮೇಲೆ ಮೈ ದಣಿಯುವ ಮೊದಲೇ ವೇಗದ ಕೆಲಸ: 30 ಮೀಟರ್ ಆರು ಸಲ, ನಡುವೆ ಎರಡು ನಿಮಿಷ ಬಿಡುವು. ಆ ಎರಡು ನಿಮಿಷ ತಡೆಯಲಾರದೆ ಮಕ್ಕಳನ್ನು ಬೇಗ ಬೇಗ ಓಡಿಸಿದರೆ ವೇಗದ ಅಭ್ಯಾಸ ಹೋಗಿ ಏದುಸಿರಿನ ಅಭ್ಯಾಸವಾಗುತ್ತದೆ. ನಂತರ ಜಿಗಿತವೋ ಎಸೆತವೋ ಒಂದು, ಕೊನೆಗೆ ರಿಲೇ. ರಿಲೇ ತಂಡಗಳನ್ನು ನೀವೇ ಮಾಡಿ; ಮಕ್ಕಳಿಗೆ ಆರಿಸಲು ಬಿಟ್ಟರೆ ಕೊನೆಗೆ ಉಳಿಯುವ ಮಗು ಪ್ರತಿ ವಾರವೂ ಅದೇ ಆಗಿರುತ್ತದೆ, ಆರನೇ ವಾರಕ್ಕೆ ಬರುವುದಿಲ್ಲ.

ಹತ್ತು ವರ್ಷದವರಿಗೆ ಮೈದಾನದ ಹತ್ತು ಸುತ್ತು ಕೊಡುವ ಹಳೆಯ ಪದ್ಧತಿ ಬಿಡಿ. ಹದಿನಾಲ್ಕರವರೆಗೆ ಓಟ, ಜಿಗಿತ, ಎಸೆತ ಮೂರೂ ಎಲ್ಲರಿಗೂ ಇರಲಿ. ಹತ್ತರಿಂದ ಹದಿನಾಲ್ಕರ ನಡುವೆ ಹಿಮ್ಮಡಿಯ ಹಿಂಭಾಗ ಅಥವಾ ಮಂಡಿಚಿಪ್ಪಿನ ಕೆಳಗೆ ನೋವೆಂದರೆ ಅದು ಸೋಮಾರಿತನವಲ್ಲ, ಬೆಳೆಯುತ್ತಿರುವ ಮೂಳೆಯ ನೋವಿರಬಹುದು. ಜಿಗಿತ, ಏರು ಓಟ ನಿಲ್ಲಿಸಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಸಕಲೇಶಪುರ, ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು. ಶಾಲೆಯ ಜಗಲಿಯಲ್ಲಿ ಸ್ಕಿಪ್ಪಿಂಗ್, ನಿಂತಲ್ಲಿಂದ ಜಿಗಿತ, ಚೆಂಡೆಸೆತ ನಡೆಯಲಿ. ಕಾಫಿ ಕೊಯ್ಲಿನಲ್ಲಿ ತೋಟದ ಲೈನ್ ಮನೆಗಳ ಮಕ್ಕಳು ತಪ್ಪಿಸುತ್ತಾರೆ, ಹಾಜರಿಗೆ ದಂಡ ಹಾಕಬೇಡಿ. ಅರಸೀಕೆರೆ, ಕಡೂರಿನಲ್ಲಿ ತೊಂದರೆ ಬೇಸಿಗೆಯ ಗಟ್ಟಿ ನೆಲ, ಬಿಸಿಲು. ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಏಪ್ರಿಲ್, ಮೇ ಸಂಜೆ ಗುಡುಗು ಕೇಳಿದರೆ ಮರದಡಿ ನಿಲ್ಲದೆ ಎಲ್ಲರೂ ಕಟ್ಟಡದೊಳಗೆ. ಕೊನೆಯ ಗುಡುಗಾಗಿ ಅರ್ಧ ಗಂಟೆಯವರೆಗೆ ಹೊರಬರುವಂತಿಲ್ಲ.

ಸಮಯ, ಪುಸ್ತಕ, ಕೂಟ

ಆರು ವಾರಕ್ಕೊಮ್ಮೆ 60 ಮೀಟರ್, 600 ಮೀಟರ್, ನಿಂತಲ್ಲಿಂದ ಜಿಗಿತ ಅಳೆದು ಬರೆಯಿರಿ. ಓಟ ಬಿಡಲು ಸೀಟಿ ಬೇಡ. ಎರಡು ಹಲಗೆಗೆ ಬಾಗಿಲ ತಿರುಗಣಿ ಹೊಡೆದು, ಒಂದಕ್ಕೆ ಬಿಳಿ ಬಣ್ಣ ಬಳಿದು, ತಲೆಯ ಮೇಲೆ ಹಿಡಿದು ಬಡಿಯಿರಿ. ವಾಚು ಹಿಡಿದವರು ಹಲಗೆ ಕೂಡುವುದನ್ನು ಕಣ್ಣಲ್ಲಿ ನೋಡಿ ಒತ್ತಬೇಕು. ಸದ್ದು 60 ಮೀಟರ್ ದಾಟಲು ಸುಮಾರು 0.18 ಸೆಕೆಂಡು ಬೇಕು, ಸದ್ದಿಗೆ ಒತ್ತಿದರೆ ಅಷ್ಟು ಸುಳ್ಳು ಸಮಯ ಪುಸ್ತಕಕ್ಕೆ ಸೇರುತ್ತದೆ. ನಿಲ್ಲಿಸುವುದು ಎದೆ ಗೆರೆಗೆ ಬಂದಾಗ. ಹೀಗೆ ಕೈಯಲ್ಲಿ ಒತ್ತಿದ ವಾಚಿನ ಸಮಯವನ್ನು ಮೇಲಿನ ಹತ್ತನೇ ಭಾಗಕ್ಕೆ ಏರಿಸಬೇಕು: 9.31 ಬಂದರೆ 9.4. ಗೋಡೆಗೆ ಪಟ್ಟಿ ಹಾಕುವುದಾದರೆ ಮೊದಲ ಮೂವರ ಹೆಸರಲ್ಲ, ತಮ್ಮ ಹಿಂದಿನ ಅಂಕಿ ಸುಧಾರಿಸಿದವರೆಲ್ಲರ ಹೆಸರು ಹಾಕಿ.

ಕೂಟಗಳಿಗೆ ವಯಸ್ಸಿನ ಮೆಟ್ಟಿಲು ಎರಡು ಬಗೆ. ಶಾಲಾ ಕೂಟಗಳದು 14, 17, 19ರೊಳಗೆ; ಅಥ್ಲೆಟಿಕ್ಸ್ ಫೆಡರೇಷನ್ನಿನ ಅಂತರ ಜಿಲ್ಲಾ ಜೂನಿಯರ್ ಕೂಟದ್ದು 14, 16ರೊಳಗೆ. ಶಾಲಾ ದಾಖಲೆಯಲ್ಲಿ ಒಂದು ಹುಟ್ಟಿದ ದಿನ, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಕೂಟದ ಬಾಗಿಲಲ್ಲಿ ಮಗು ನಿಂತುಬಿಡುತ್ತದೆ, ಬೇಸಿಗೆಯಲ್ಲೇ ಸರಿಪಡಿಸಿಕೊಳ್ಳಿ. ಕೂಟದ ದಿನ ಇಡ್ಲಿಯೋ ರೊಟ್ಟಿಯೋ ಓಟಕ್ಕೆ ಎರಡು ಗಂಟೆ ಮುಂಚೆ ಮುಗಿದಿರಲಿ. ನಡುವೆ ಬಾಳೆಹಣ್ಣು, ಕಡ್ಲೆಬೀಜ ಬೆಲ್ಲ, ಮನೆಯಿಂದ ತಂದ ನೀರು. ಎದೆ ನಂಬರಿಗೆ ಮಗುವಿಗೆ ನಾಲ್ಕರಂತೆ ಪಿನ್ನು, ಜೊತೆಗೆ ಹತ್ತು ಹೆಚ್ಚುವರಿ. ಕೊನೆಯ ಬಸ್ಸಿನ ಸಮಯ ಮೊದಲೇ ಕೇಳಿಕೊಂಡಿರಿ: ತಾಲ್ಲೂಕು ಕೂಟದಲ್ಲಿ ರಿಲೇ ಸಾಮಾನ್ಯವಾಗಿ ಕೊನೆಗೆ, ಬಹುಮಾನ ಅದಕ್ಕೂ ಆಮೇಲೆ.