ಬೌದ್ಧಿಕ ಅಂಗವೈಕಲ್ಯ ಇರೋರನ್ನ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗೋವಾಗ ಏನೇನು ನೋಡ್ಕೋಬೇಕು

ಬೌದ್ಧಿಕ ಅಂಗವೈಕಲ್ಯ ಇರೋ ಮಗನನ್ನೋ ತಂಗಿಯನ್ನೋ ಆಸ್ಪತ್ರೆಗೆ ಕರ್ಕೊಂಡು ಹೋದವರಿಗೆಲ್ಲ ಡಾಕ್ಟರ್ ಹೇಳೋ ಈ ಮಾತು ಗೊತ್ತಿರುತ್ತೆ, "ಇವ್ರು ಇರೋದೇ ಹೀಗಲ್ವಾ". ತಲೆ ಚಚ್ಕೊಂಡ್ರೂ ಅದೇ ಮಾತು, ಊಟ ಬಿಟ್ರೂ ಅದೇ, ರಾತ್ರಿಯೆಲ್ಲ ಕಿರುಚಿದ್ರೂ ಅದೇ. ಕಿವಿ ನೋವಿರ್ಬಹುದು, ಹಲ್ಲು ಹುಳುಕಾಗಿರ್ಬಹುದು, ಉರಿಮೂತ್ರ ಇರ್ಬಹುದು, ಅದನ್ನೆಲ್ಲ ನೋಡೋಕೆ ಮುಂಚೆನೇ ಎಲ್ಲಾನೂ ಅಂಗವೈಕಲ್ಯದ ಲೆಕ್ಕಕ್ಕೆ ಹಾಕಿ ನಿದ್ದೆ ಮಾತ್ರೆ ಬರ್ದು ಕಳಿಸಿಬಿಡ್ತಾರೆ. ಇದರಿಂದ ಜೀವ ಹೋಗುತ್ತೆ. ಇಂಗ್ಲೆಂಡಿನಲ್ಲಿ ಇಂಥವರ ಸಾವುಗಳನ್ನ ಒಂದೊಂದಾಗಿ ಪರಿಶೀಲಿಸಿ 2013ರಲ್ಲಿ ವರದಿ ಕೊಟ್ರು, ಇಂಥ ಗಂಡಸರು ಉಳಿದ ಗಂಡಸರಿಗಿಂತ ಸರಾಸರಿ 13 ವರ್ಷ ಮೊದಲೇ, ಇಂಥ ಹೆಂಗಸರು ಉಳಿದ ಹೆಂಗಸರಿಗಿಂತ 20 ವರ್ಷ ಮೊದಲೇ ಸಾಯ್ತಿದ್ರು. ಕಾಯಿಲೆ ಪತ್ತೆ ಆಗೋದು ತಡ, ಚಿಕಿತ್ಸೆ ಶುರುವಾಗೋದೂ ತಡ, ಇದೇ ದೊಡ್ಡ ಕಾರಣ ಅಂತ ಅದರಲ್ಲಿತ್ತು. ಎಲ್ಲರಿಗೂ ಉಚಿತ ಚಿಕಿತ್ಸೆ ಇರೋ ದೇಶದಲ್ಲೇ ಈ ಗತಿ.

ಹಾಗಾಗಿ ಮೊದಲನೇ ಕೆಲಸ ಮನೆಯಲ್ಲೇ, ಎಲ್ಲರೂ ಆರೋಗ್ಯವಾಗಿರೋವಾಗ್ಲೇ ಮಾಡಿಟ್ಕೋಬೇಕು. ಒಂದು ಹಾಳೆ ತಗೊಂಡು ಅವರು ಚೆನ್ನಾಗಿರೋ ದಿನ ಹೇಗಿರ್ತಾರೆ ಅಂತ ಬರೀರಿ, ಒಂದೇ ಪುಟ ಸಾಕು, ಜಾಸ್ತಿ ಆದ್ರೆ ಡ್ಯೂಟಿ ಡಾಕ್ಟರ್ ಓದಲ್ಲ. "ಸಹಕರಿಸುತ್ತಾನೆ", "ಸ್ವಲ್ಪ ಹಠ" ಅಂತೆಲ್ಲ ಬರೆದ್ರೆ ಉಪಯೋಗ ಇಲ್ಲ. ಹೀಗೆ ಬರೀರಿ: ತಾನೇ ನಡೀತಾನೆ, ಮೆಟ್ಟಿಲು ಹತ್ತೋವಾಗ ಮಾತ್ರ ಕೈ ಹಿಡ್ಕೋಬೇಕು. ನೋವಾದ್ರೆ ಅಳಲ್ಲ, ಮಾತು ನಿಲ್ಲಿಸಿ ಎಡಗೈ ಕಚ್ಕೋತಾನೆ. ಬೇಡ ಅನ್ನೋಕೆ ಮುಖ ತಿರುಗಿಸ್ತಾನೆ. ನೀರು ಸಣ್ಣ ಗುಟುಕಲ್ಲಿ ಕೊಡಿ, ಮಲಗಿಸ್ಕೊಂಡು ಕೊಟ್ರೆ ನೆತ್ತಿಗೇರುತ್ತೆ. ಫಿಟ್ಸ್ ಮಾತ್ರೆ ಇಂಥದ್ದು, ಇಷ್ಟು ಗಂಟೆಗೆ, ಒಂದು ಡೋಸೂ ತಪ್ಪಬಾರ್ದು. ಅಲರ್ಜಿ ಇಂಥದ್ದು. ಜೊತೆಗೆ ಫೋನಲ್ಲಿ ಒಂದು ಚಿಕ್ಕ ವಿಡಿಯೋನೂ ಇರ್ಲಿ, ಆರಾಮಾಗಿ ಕೂತು ಊಟ ಮಾಡ್ತಿರೋದು, ನಡೀತಿರೋದು. "ಯಾವಾಗ್ಲೂ ಹೀಗೇನಾ?" ಅಂತ ಕೇಳಿದಾಗ ಎಷ್ಟು ವಿವರಿಸಿದ್ರೂ ನಂಬದೇ ಇರೋರು ವಿಡಿಯೋ ನೋಡಿದ ತಕ್ಷಣ ನಂಬ್ತಾರೆ.

ಡಾಕ್ಟರ್ ಹತ್ರ ಹೋದಾಗ ಅಂಗವೈಕಲ್ಯದಿಂದ ಮಾತು ಶುರು ಮಾಡ್ಬೇಡಿ, ಬದಲಾವಣೆಯಿಂದ ಶುರು ಮಾಡಿ. "ಸೋಮವಾರದ ತನಕ ಚೆನ್ನಾಗಿದ್ದ, ಮಂಗಳವಾರದಿಂದ ಊಟ ಬಿಟ್ಟಿದ್ದಾನೆ, ಹೊಟ್ಟೆ ಮುಟ್ಟಿದ್ರೆ ಕೈ ತಳ್ತಾನೆ" ಅಂತ. ಆಮೇಲೂ ಅದೇ ಹಳೇ ಉತ್ತರ ಬಂದ್ರೆ ಜಗಳ ಬೇಡ, ಒಂದೇ ಒಂದು ಪ್ರಶ್ನೆ ಕೇಳಿ: "ಅಂಗವೈಕಲ್ಯ ಇಲ್ದೇ ಇರೋರು ಯಾರಾದ್ರೂ ಹೀಗೇ ಬಂದಿದ್ರೆ ಯಾವ ಟೆಸ್ಟ್ ಮಾಡಿಸ್ತಿದ್ರಿ? ಅದನ್ನೇ ಇವನಿಗೂ ಮಾಡಿ." ನನ್ನ ಪ್ರಕಾರ ಇದಕ್ಕಿಂತ ಗಟ್ಟಿಯಾದ ಮಾತು ಇನ್ನೊಂದಿಲ್ಲ.

ಮಲಬದ್ಧತೆನ ಮಾತ್ರ ಹಗುರವಾಗಿ ತಗೋಬೇಡಿ ದಯವಿಟ್ಟು. ಓಡಾಟ ಕಮ್ಮಿ ಇರೋರಿಗೆ, ಮನೋರೋಗದ ಕೆಲವು ಮಾತ್ರೆ ತಗೊಳ್ಳೋರಿಗೆ ಇದು ತುಂಬಾ ಸಾಮಾನ್ಯ, ಕರುಳು ಕಟ್ಕೊಂಡು ಪ್ರಾಣ ಹೋಗಿರೋ ಪ್ರಕರಣಗಳೂ ಇವೆ, ಹೊಟ್ಟೆ ಉಬ್ಬಿ ವಾಂತಿ ಶುರುವಾದ್ರೆ ಬೆಳಗಾಗ್ಲಿ ಅಂತ ಕಾಯೋ ಹಾಗಿಲ್ಲ. ಊಟ ಮಾಡೋವಾಗ ಕೆಮ್ಮೋದು, ಪದೇ ಪದೇ ಎದೆ ಕಟ್ಟೋದು ಇದ್ರೆ ಅನ್ನ ನೀರು ಶ್ವಾಸಕೋಶಕ್ಕೆ ಹೋಗ್ತಿದ್ಯಾ ಅಂತ ನುಂಗೋ ಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಬರೋ, ಬೌದ್ಧಿಕ ಅಂಗವೈಕಲ್ಯ ತರೋ ಒಂದು ಸ್ಥಿತಿ) ಇರೋರು ಮಂಕಾದ್ರೆ ಥೈರಾಯ್ಡ್ ಮತ್ತು ಕಿವಿ ನೋಡಿಸಿ.

ಅಡ್ಮಿಟ್ ಆದ್ರೆ ಅಸಲಿ ಕಷ್ಟ ವಾರ್ಡಲ್ಲಿ. ಊಟದ ತಟ್ಟೆ ಕೈಗೆ ಸಿಗದ ಜಾಗದಲ್ಲಿ ಇಟ್ಟು ಹೋಗ್ತಾರೆ, ಅರ್ಧ ಗಂಟೆ ಬಿಟ್ಟು ಬಂದು ಹಾಗೇ ವಾಪಸ್ ತಗೊಂಡು ಹೋಗ್ತಾರೆ, ಚಾರ್ಟಲ್ಲಿ "ಊಟ ನಿರಾಕರಿಸಿದರು" ಅಂತ ಬರೆದಿರ್ತಾರೆ. ತಿನ್ನಿಸೋರು ಇಲ್ದೆ ತಿಂದಿಲ್ಲ ಅಷ್ಟೇ, ಬೇಡ ಅಂತ ಯಾರು ಅಂದ್ರು? ಅದಕ್ಕೆ ಎಷ್ಟು ತಿಂದ್ರು, ಎಷ್ಟು ಕುಡಿದ್ರು, ಮೂತ್ರ ಆಯ್ತಾ ಅಂತ ನೀವೇ ಒಂದು ನೋಟ್ ಇಟ್ಕೊಳ್ಳಿ, ಹೊತ್ತಿಗೊಬ್ಬರು ಜೊತೆ ಇರೋಕೆ ಲಿಖಿತ ಅನುಮತಿ ತಗೊಳ್ಳಿ, ಅಟೆಂಡರ್ ಇರಬಾರದು ಅನ್ನೋ ನಿಯಮ ಇದ್ರೂ ಇವರಿಗೆ ವಿನಾಯಿತಿ ಕೇಳಿ. ಆಪರೇಷನ್‌ಗೆ ಬರೀ ಹೊಟ್ಟೆಯಲ್ಲಿ ಇರಬೇಕು ಅಂದಾಗ ಫಿಟ್ಸ್ ಮಾತ್ರೆ ಏನು ಮಾಡೋದು ಅಂತ ಹಿಂದಿನ ದಿನವೇ ಕೇಳಿ ಬರೆಸ್ಕೊಳ್ಳಿ, ಇದು ಮರೆತುಹೋಗೋದು ಜಾಸ್ತಿ. ಸೂಜಿಗೆ ಹೆದರೋರಿಗೆ ಮರಗಟ್ಟಿಸೋ ಕ್ರೀಮ್ ಕೇಳಿ, ಗಲಾಟೆ ಇರೋ ಸಾಲಲ್ಲಿ ಕೂರೋಕಾಗದೇ ಇದ್ರೆ ಮೊದಲನೇ ನಂಬರ್ ಕೇಳಿ. ಇದು ಅವರ ಹಕ್ಕು, ಸಂಕೋಚ ಬೇಡ. ಏನೇ ಮಾಡೋಕೆ ಮುಂಚೆ ಅವರ ಮುಖ ನೋಡಿ ಅವರಿಗೇ ಹೇಳ್ಲಿ ಅಂತ ಡಾಕ್ಟರಿಗೆ ನೆನಪಿಸಿ, ಮಾತು ಬರದೇ ಇರೋರಿಗೂ ಅರ್ಥ ಆಗುತ್ತೆ.

ಕೊನೇದಾಗಿ ಒಂದು ಕಷ್ಟದ ವಿಷಯ. ಹೃದಯ ನಿಂತ್ರೆ ಅದನ್ನ ಮತ್ತೆ ಶುರು ಮಾಡೋ ಪ್ರಯತ್ನ ಬೇಡ ಅನ್ನೋ ಟಿಪ್ಪಣಿ ಫೈಲಲ್ಲಿ ಇದ್ಯಾ ಅಂತ ನೇರವಾಗಿ ಕೇಳಿ. ಕೋವಿಡ್ ಟೈಮಲ್ಲಿ ಇಂಗ್ಲೆಂಡಿನಲ್ಲಿ ಮನೆಯವರಿಗೂ ಹೇಳದೆ ಹಾಗೆ ಬರೆದಿದ್ದಾರೆ ಅಂತ ದೂರುಗಳು ಬಂದಿದ್ವು. ಅಂಗವೈಕಲ್ಯದ ಕಾರಣಕ್ಕೆ ಚಿಕಿತ್ಸೆ, ಅನ್ನ, ನೀರು ಯಾವುದನ್ನೂ ನಿರಾಕರಿಸಬಾರದು ಅಂತ ಅಂಗವಿಕಲರ ಹಕ್ಕುಗಳ ಬಗ್ಗೆ ಇರೋ 2006ರ ವಿಶ್ವಸಂಸ್ಥೆ ಒಪ್ಪಂದದ 25ನೇ ವಿಧಿ ಹೇಳುತ್ತೆ, ಅದನ್ನ ನಿಮ್ಮ ಹಾಳೆಯ ಕೆಳಗೆ ಒಂದು ಸಾಲಲ್ಲಿ ಬರೆದಿಟ್ಕೊಂಡ್ರೆ ತಪ್ಪಿಲ್ಲ. ಟೆಸ್ಟ್ ಮಾಡಲ್ಲ ಅಂದ್ರೆ ಯಾಕೆ ಮಾಡಲ್ಲ ಅನ್ನೋದನ್ನ ಫೈಲಲ್ಲಿ ಬರೆದು ಸಹಿ ಹಾಕೋಕೆ ಹೇಳಿ. ಬಾಯಲ್ಲಿ ಸುಲಭವಾಗಿ ಇಲ್ಲ ಅಂದವರೂ ಬರೆಯೋ ಹೊತ್ತಿಗೆ ಇನ್ನೊಂದು ಸಲ ಯೋಚನೆ ಮಾಡ್ತಾರೆ. ಅದಕ್ಕೂ ಒಪ್ಪದಿದ್ರೆ ತಾರೀಕು, ಟೈಮು, ಹೇಳಿದವರ ಹೆಸರು ಬರ್ಕೊಂಡು ಆಸ್ಪತ್ರೆಯ ಮುಖ್ಯಸ್ಥರಿಗೆ ಅವತ್ತೇ ದೂರು ಕೊಡಿ, ಒಂದು ಪ್ರತಿ ನಿಮ್ಮ ಹತ್ರ ಇರ್ಲಿ.